ಮರದ ಮೇಲೆ ಅರಸೊತ್ತಿಗೆಯ ಮುದ್ರೆ

ಮನೆ ಕಟ್ಟಿಸುವವನ ಪಾಡನ್ನು ಬಲ್ಲ ಓದುಗರಿಗೆ ಮರದ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ತೊಲೆ, ಜಂತೆ, ಹಲಗೆ, ಬಾಗಿಲವಾಡಗಳು ಕೂಡಿಬಂದಲ್ಲದೆ ಬರಿಯ ಗೋಡೆಯು ಮನೆಯೆನಿಸದು. ಬೆವರು ಸುರಿಸಿ ಕಡಿದು, ಹಿಮದಲ್ಲಿ ಎಳೆದು ತಂದು ಗಿರಣಿಯ ಅಂಗಳದಲ್ಲಿ ಒಟ್ಟಿದ ದಿಮ್ಮಿಗಳ ಮೇಲೆ ಅಧಿಕಾರಿಯೊಬ್ಬನು ಮುದ್ರೆಯೊತ್ತಿ, ಇವು ನಿನ್ನವಲ್ಲ, ಅರಸನವು ಎಂದರೆ ಒಡೆಯನು ಏನು ಮಾಡಬೇಕು? ಈ ಪ್ರಶ್ನೆಯು 1772ರಲ್ಲಿ ಉತ್ತರ ಅಮೆರಿಕೆಯ ನ್ಯೂ ಹ್ಯಾಂಪ್‌ಶೈರ್ ವಸಾಹತಿನ ವೇರ್ ಎಂಬ ಸಣ್ಣ ಊರಿನಲ್ಲಿ ಎದ್ದಿತು. ಮೂರೂವರೆ ದಶಕಗಳ ತರುವಾಯ ಅದೇ ಪ್ರಶ್ನೆಯು ಹಡಗನ್ನೇರಿ ನಮ್ಮ ಪಡುವಣ ಕರಾವಳಿಗೂ ಬಂದಿತು. ಇವೆರಡನ್ನೂ ಒಂದೆಡೆ ಇರಿಸಿ ನೋಡಿದರೆ, ವಸಾಹತು ಆಡಳಿತದ ಸ್ವಭಾವವು ನಮಗೆ ಸ್ಪಷ್ಟವಾಗುತ್ತದೆ.

ಮೊದಲು ಕಾರಣವನ್ನು ತಿಳಿಯೋಣ. ಇಂಗ್ಲೆಂಡಿನ ಬಲವೆಲ್ಲ ಅದರ ನೌಕಾಪಡೆಯಲ್ಲಿತ್ತು. ನೌಕೆಯ ಬಲವು ಅದರ ಕೂವೆಮರದಲ್ಲಿತ್ತು. ಕೂವೆಮರಕ್ಕೆ ಒಂದು ಅಂಗುಲ ವ್ಯಾಸಕ್ಕೆ ಒಂದು ಗಜದಷ್ಟು ಉದ್ದವಿರಬೇಕೆಂಬುದು ಆ ಕಾಲದ ಲೆಕ್ಕ. ದೊಡ್ಡ ಯುದ್ಧನೌಕೆಯ ನಡುಗಂಬಕ್ಕೆ ಮೂರಡಿ ವ್ಯಾಸದ, ನೂರಡಿಗೂ ಮಿಕ್ಕ ನೇರವಾದ ಮರ ಬೇಕಾಗುತ್ತಿತ್ತು. ಅಂಥ ಮರ ಇಂಗ್ಲೆಂಡಿನಲ್ಲಿ ಉಳಿದಿರಲಿಲ್ಲ. ನ್ಯೂ ಇಂಗ್ಲೆಂಡ್ ಪ್ರಾಂತದ ಬಿಳಿ ಪೈನ್ ಮರವು ಈ ಕೊರತೆಯನ್ನು ತುಂಬಿತು. 1691ರ ಮ್ಯಾಸಚೂಸೆಟ್ಸ್ ಸನದಿನಲ್ಲಿಯೇ, ಖಾಸಗಿಯವರಿಗೆ ಸೇರದ ನೆಲದಲ್ಲಿ 24 ಅಂಗುಲ ಮತ್ತು ಅದಕ್ಕೂ ಮೇಲ್ಪಟ್ಟ ವ್ಯಾಸದ ಮರಗಳೆಲ್ಲವೂ ಅರಸನಿಗೆ ಮೀಸಲೆಂದು ಬರೆಯಲಾಯಿತು. ಅಪ್ಪಣೆಯಿಲ್ಲದೆ ಒಂದು ಮರವನ್ನು ಕಡಿದರೆ 100 ಪೌಂಡು ದಂಡ. ನ್ಯೂ ಹ್ಯಾಂಪ್‌ಶೈರಿನ 1722ರ ಕಾನೂನು ಈ ಮಿತಿಯನ್ನು 12 ಅಂಗುಲಕ್ಕೆ ಇಳಿಸಿತು. ಅಧಿಕಾರಿಗಳು ಇಂಥ ಮರಗಳಿಗೆ ಕೊಡಲಿಯಿಂದ ಮೂರು ಏಟು ಹಾಕಿ, ಬಾಣದ ಮೊನೆಯಂತಹ ಗುರುತನ್ನು ಕೆತ್ತುತ್ತಿದ್ದರು. ಆ ಗುರುತು ಬಿದ್ದ ಮರವು ಅರಸನದು.

ಹನ್ನೆರಡು ಅಂಗುಲವೆಂದರೆ ಒಂದಡಿ. ಅಷ್ಟು ದಪ್ಪದ ಮರವನ್ನು ಬಿಟ್ಟು ರೈತನು ಮನೆಗಾಗಲಿ ಕೊಟ್ಟಿಗೆಗಾಗಲಿ ಹಲಗೆಯನ್ನು ಎಲ್ಲಿಂದ ತರಬೇಕು? ಹೊಲಕ್ಕೆಂದು ಕಾಡು ಕಡಿಯುವವನು ಮೊದಲು ಸರಕಾರದ ಮೋಜಣಿದಾರನನ್ನು ಕರೆಸಿ, ಅರಸನ ಮರಗಳಿಗೆ ಗುರುತು ಹಾಕಿಸಿ, ಅದಕ್ಕೆ ಶುಲ್ಕ ತೆತ್ತು, ಉಳಿದುದನ್ನು ಮಾತ್ರ ಕಡಿಯಬೇಕಾಗಿತ್ತು. ಹಲವು ದಶಕಗಳ ಕಾಲ ಈ ಕಾನೂನು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದಿತ್ತು. 1767ರಲ್ಲಿ ಅಧಿಕಾರ ವಹಿಸಿಕೊಂಡ ರಾಜ್ಯಪಾಲ ಜಾನ್ ವೆಂಟ್‌ವರ್ತನು ಅರಸನ ಕಾಡುಗಳ ಮಹಾ ಮೋಜಣಿದಾರನೂ ಆಗಿದ್ದನು. ಅವನು ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದನು.

1771-72ರ ಚಳಿಗಾಲದಲ್ಲಿ ಅವನ ಕೈಕೆಳಗಿನ ಅಧಿಕಾರಿಗಳು ಗೋಫ್ಸ್‌ಟೌನ್ ಮತ್ತು ವೇರ್ ಊರುಗಳ ಮರ ಕೊಯ್ಯುವ ಗಿರಣಿಗಳನ್ನು ಶೋಧಿಸಿದರು. ಆರು ಗಿರಣಿಗಳಲ್ಲಿ ನಿಷಿದ್ಧ ದಿಮ್ಮಿಗಳು ದೊರೆತವು. ಕ್ಲೆಮೆಂಟ್ ಎಂಬುವನ ಗಿರಣಿಯೊಂದರಲ್ಲಿಯೇ 17ರಿಂದ 36 ಅಂಗುಲ ವ್ಯಾಸದ 270 ದಿಮ್ಮಿಗಳಿದ್ದವು. ಅವೆಲ್ಲಕ್ಕೂ ಬಾಣದ ಗುರುತು ಬಿದ್ದಿತು, ಮುಟ್ಟುಗೋಲು ಜಾರಿಯಾಯಿತು. ಫೆಬ್ರವರಿಯಲ್ಲಿ ಪತ್ರಿಕೆಯ ಮೂಲಕ ಒಡೆಯರಿಗೆ ನೋಟೀಸು ಹೊರಟಿತು.

ಒಡೆಯರು ಮೊದಲು ಹಿಡಿದುದು ನ್ಯಾಯದ ದಾರಿಯನ್ನೇ ಎಂಬುದನ್ನು ಇಲ್ಲಿ ಗಮನಿಸಬೇಕು. ಅವರು ಸ್ಯಾಮ್ಯುಯೆಲ್ ಬ್ಲಾಜೆಟ್ ಎಂಬುವನನ್ನು ತಮ್ಮ ಪರವಾಗಿ ಮಾತನಾಡಲು ಪೋರ್ಟ್ಸ್‌ಮತ್ ಪಟ್ಟಣಕ್ಕೆ ಕಳುಹಿಸಿದರು. ರಾಜ್ಯಪಾಲನು ಚತುರ. ಬಂದ ವಕೀಲನನ್ನೇ ತನ್ನ ಉಪ ಮೋಜಣಿದಾರನನ್ನಾಗಿ ನೇಮಿಸಿದನು! ವಾದಿಸಲು ಹೋದವನು ದಂಡ ವಸೂಲಿಗಾರನಾಗಿ ಹಿಂದಿರುಗಿದನು. ಹಣ ತೆತ್ತರೆ ಮೊಕದ್ದಮೆಯಿಲ್ಲ ಎಂಬ ಮಾತಿಗೆ ಗೋಫ್ಸ್‌ಟೌನಿನವರು ಒಪ್ಪಿದರು. ವೇರ್ ಊರಿನವರು ಒಪ್ಪಲಿಲ್ಲ.

ಅವರಲ್ಲಿ ಮುಂದಾಳು ಎಬೆನೀಜರ್ ಮಡ್ಜೆಟ್. ಏಪ್ರಿಲ್ 13ರಂದು ಷರೀಫ ಬೆಂಜಮಿನ್ ವೈಟಿಂಗನು ತನ್ನ ಸಹಾಯಕ ಜಾನ್ ಕ್ವಿಗ್ಲಿಯೊಡನೆ ವಾರಂಟು ಹಿಡಿದು ಬಂದು ಮಡ್ಜೆಟನನ್ನು ಬಂಧಿಸಿದನು. ಬೆಳಗ್ಗೆ ಜಾಮೀನು ತರುವೆನೆಂದು ಮಡ್ಜೆಟನು ಮಾತು ಕೊಡಲು, ಅವನನ್ನು ಆ ರಾತ್ರಿ ಮನೆಗೆ ಬಿಡಲಾಯಿತು. ಅಧಿಕಾರಿಗಳಿಬ್ಬರೂ ಏರನ್ ಕ್ವಿಂಬಿ ಎಂಬುವನ ವಸತಿಗೃಹದಲ್ಲಿ ತಂಗಿದರು. ಮರುದಿನ ನಸುಕಿನಲ್ಲಿ ಮಡ್ಜೆಟನು ಹೇಳಿದಂತೆಯೇ ಬಂದನು. ಆದರೆ ಅವನ ಬೆನ್ನಿಗೆ ಮುಖಕ್ಕೆ ಮಸಿ ಬಳಿದುಕೊಂಡ ಇಪ್ಪತ್ತಕ್ಕೂ ಹೆಚ್ಚು ಮಂದಿ ಚಡಿ ಹಿಡಿದು ನುಗ್ಗಿದರು. ಒಂದೊಂದು ಮರಕ್ಕೆ ಒಂದೊಂದು ಏಟಿನಂತೆ ಷರೀಫನ ಬೆನ್ನ ಮೇಲೆ ಲೆಕ್ಕ ತೀರಿಸಿದರು. ಅಧಿಕಾರಿಗಳ ಕುದುರೆಗಳ ಕಿವಿ, ಕೇಸರ, ಬಾಲಗಳನ್ನು ಕತ್ತರಿಸಿ, ಅವರನ್ನು ಅವುಗಳ ಮೇಲೆ ಕೂರಿಸಿ, ಹೀಯಾಳಿಸಿ ಊರಿನಿಂದ ಹೊರಗಟ್ಟಿದರು.

ಷರೀಫನು ದಂಡು ಕೂಡಿಸಿಕೊಂಡು ಮರಳುವ ವೇಳೆಗೆ ಜನರು ಕಾಡು ಸೇರಿದ್ದರು. ಕಡೆಗೆ ಎಂಟು ಮಂದಿಯ ಮೇಲೆ ಮೊಕದ್ದಮೆ ನಡೆದು, ಸೆಪ್ಟೆಂಬರಿನಲ್ಲಿ ಆಮ್‌ಹರ್ಸ್ಟಿನ ನ್ಯಾಯಾಲಯವು ತಲಾ 20 ಷಿಲಿಂಗು ದಂಡ ಹಾಗೂ ಖರ್ಚನ್ನು ವಿಧಿಸಿತು. ಅಧಿಕಾರಿಯನ್ನು ಥಳಿಸಿದ ಅಪರಾಧಕ್ಕೆ ಇದು ಅತ್ಯಲ್ಪ ಶಿಕ್ಷೆ. ನ್ಯಾಯಪೀಠದಲ್ಲಿದ್ದವರಲ್ಲಿ ಒಬ್ಬನು ಮೆಷೆಕ್ ವೇರ್. ಆ ಊರಿಗೆ ಅವನದೇ ಹೆಸರು. ನಾಲ್ಕು ವರ್ಷಗಳಲ್ಲಿ ಅವನೇ ಸ್ವತಂತ್ರ ನ್ಯೂ ಹ್ಯಾಂಪ್‌ಶೈರಿನ ಆಡಳಿತದ ಮುಖ್ಯಸ್ಥನಾದನು. 1775ರಲ್ಲಿ ವೆಂಟ್‌ವರ್ತನು ವಸಾಹತನ್ನೇ ಬಿಟ್ಟು ಓಡಬೇಕಾಯಿತು. ಅದೇ ವರ್ಷ ವಾಷಿಂಗ್ಟನ್ನನ ಹಡಗುಗಳು ಪೈನ್ ಮರದ ಚಿತ್ರವಿದ್ದ ಬಾವುಟವನ್ನೇ ಹಾರಿಸಿದವು.

ಇನ್ನು ನಮ್ಮ ಕಡೆಗೆ ಬರೋಣ. ಅಮೆರಿಕೆಯನ್ನು ಕಳೆದುಕೊಂಡ ಇಂಗ್ಲೆಂಡಿನ ನೌಕಾಪಡೆಗೆ ಮರದ ಹಸಿವು ತೀರಲಿಲ್ಲ. ದೇಶದ ಓಕ್ ಮರವೂ ಕ್ಷೀಣಿಸುತ್ತಿತ್ತು. 1805ರಲ್ಲಿ ಕಂಪನಿಯ ನಿರ್ದೇಶಕರು, ಮಲಬಾರಿನ ತೇಗವು ಅರಸನ ನೌಕಾಪಡೆಗೆ ಎಷ್ಟರಮಟ್ಟಿಗೆ ಒದಗೀತೆಂದು ವಿಚಾರಿಸಿದರು. 1806ರ ನವೆಂಬರಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಕ್ಯಾಪ್ಟನ್ ವಾಟ್ಸನ್ನನು ಅರಣ್ಯ ಸಂರಕ್ಷಕನಾಗಿ ನೇಮಕಗೊಂಡನು. 1807ರ ಏಪ್ರಿಲಿನ ಘೋಷಣೆಯು, ಹಿಂದಿನ ಅರಸರಿಗೆ ತೇಗದ ಮೇಲಿದ್ದ ರಾಜಹಕ್ಕು ಈಗ ಕಂಪನಿಯದೆಂದು ಸಾರಿ, ಅಪ್ಪಣೆಯಿಲ್ಲದೆ ತೇಗ ಕಡಿಯುವುದನ್ನು ನಿಷೇಧಿಸಿತು. ಕೆಲವೇ ವರ್ಷಗಳಲ್ಲಿ ಖಾಸಗಿ ಒಡೆತನದ ಮರವೂ ಈ ಏಕಸ್ವಾಮ್ಯಕ್ಕೆ ಸಿಲುಕಿತು. ಮರದ ಒಡೆಯರೂ ವರ್ತಕರೂ ಅಸಮಾಧಾನಗೊಂಡರು. ಸೌದೆ ಆಯುವ ರೈತನಿಗೂ ಕಿರುಕುಳ ತಪ್ಪಲಿಲ್ಲ. ಆ ಕಾಲದಲ್ಲಿ ಮಲಬಾರಿನ ತೇಗದಿಂದ ಮುಂಬಯಿಯಲ್ಲಿ ಕಟ್ಟಿ, 1817ರಲ್ಲಿ ನೀರಿಗಿಳಿಸಿದ ಟ್ರಿಂಕಾಮಲಿ ಎಂಬ ಯುದ್ಧನೌಕೆಯು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಪ್ರದರ್ಶನಕ್ಕಿದೆ.

ಈ ವ್ಯವಸ್ಥೆಯನ್ನು ಕೊನೆಗಾಣಿಸಿದವನು ಥಾಮಸ್ ಮನ್ರೋ. 1799-1800ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಪಡುವಣ ಕರಾವಳಿಯ ಭೂಮಾಲಿಕರ ಹಕ್ಕುಗಳನ್ನು ಕಣ್ಣಾರೆ ಕಂಡಿದ್ದ ಅವನು, ಮದರಾಸಿನ ರಾಜ್ಯಪಾಲನಾಗಿದ್ದಾಗ 1823ರಲ್ಲಿ ಸಂರಕ್ಷಕನ ಹುದ್ದೆಯನ್ನೇ ರದ್ದುಗೊಳಿಸಿದನು. ಒಳ್ಳೆಯ ಬೆಲೆ ಕೊಟ್ಟರೆ ಜನರು ತಾವಾಗಿಯೇ ಮರ ಬೆಳೆಸುವರು, ವ್ಯಾಪಾರವೂ ಬೇಸಾಯವೂ ಕಿರುಕುಳದಿಂದ ಪಾರಾಗುವುವು ಎಂಬುದು ಅವನ ವಾದವಾಗಿತ್ತು. ಆದರೆ ಈ ಬಿಡುಗಡೆ ಬಹುಕಾಲ ಬಾಳಲಿಲ್ಲ. 1878ರ ಅರಣ್ಯ ಕಾಯಿದೆಯು ಸರಕಾರದ ಹಿಡಿತವನ್ನು ಮತ್ತೆ ಬಿಗಿಗೊಳಿಸಿತು. ಅದರ ವಿರುದ್ಧ 1930ರಲ್ಲಿ ಉತ್ತರ ಕನ್ನಡದ ಜನರು ಅರಣ್ಯ ಸತ್ಯಾಗ್ರಹ ಹೂಡಿದರು.

ಓದುಗರೇ, ಈಗ ಎರಡನ್ನೂ ತೂಗಿ ನೋಡಿರಿ. ವೇರ್ ಊರಿನ ಜನರ ಅಹವಾಲು ನ್ಯಾಯವಾದುದು. ಅವರ ಕೈ ಮಾಡಿದ ಕೆಲಸ ನ್ಯಾಯವಾದುದಲ್ಲ. ಮೂಕ ಕುದುರೆಗಳು ಯಾವ ಮರಕ್ಕೂ ಮುದ್ರೆಯೊತ್ತಿರಲಿಲ್ಲ. ದಯೆಯನ್ನು ಧರ್ಮದ ಬೇರೆಂದು ಬಗೆದ ಶರಣ ಪರಂಪರೆಯ ನಾವು ಅದನ್ನು ಶೌರ್ಯವೆಂದು ಕೊಂಡಾಡಲಾರೆವು. ಇನ್ನೂ ಒಂದು ಮಾತು: ನಮ್ಮ ಮರವೆಂದು ಹೋರಾಡಿದ ಆ ಗಿರಣಿಯೊಡೆಯರು ನಿಂತಿದ್ದ ನೆಲವು ಅದಕ್ಕೂ ಮೊದಲು ಅಬೆನಾಕಿ ಮೂಲನಿವಾಸಿಗಳದಾಗಿತ್ತು. ಅವರ ಹಕ್ಕನ್ನು ಆ ನ್ಯಾಯಾಲಯದಲ್ಲಿ ಯಾರೂ ಎತ್ತಲಿಲ್ಲ. ಉತ್ತರ ಕನ್ನಡದ ಸತ್ಯಾಗ್ರಹಿಗಳಾದರೋ ಮುಖಕ್ಕೆ ಮಸಿ ಬಳಿದುಕೊಳ್ಳಲಿಲ್ಲ. ಹಗಲಿನಲ್ಲಿ, ತೆರೆದ ಮುಖದಿಂದ ಕಾನೂನು ಮುರಿದು ಸೆರೆಮನೆಯ ದಾರಿ ಹಿಡಿದರು.

ಇದು ಮುಗಿದುಹೋದ ಪುರಾಣವೆಂದು ಎಣಿಸಬೇಡಿರಿ. ತನ್ನ ಹಿತ್ತಲಿನ ಶ್ರೀಗಂಧದ ಮರ ತನ್ನದಲ್ಲ, ಸರಕಾರದ್ದೆಂದು ನಮ್ಮ ನಾಡಿನ ರೈತನು ತಲೆಮಾರುಗಳವರೆಗೆ ಅಂಜುತ್ತ ಬದುಕಿದನು. ತಾನಾಗಿ ಹುಟ್ಟಿದ ಗಂಧದ ಸಸಿಯನ್ನು ಮುಂದಿನ ತೊಂದರೆಗೆ ಹೆದರಿ ಕಿತ್ತೆಸೆದವರೂ ಉಂಟು. 2001ರ ತಿದ್ದುಪಡಿಯ ಬಳಿಕವೇ ಭೂಮಿಯ ಒಡೆಯನಿಗೆ ಆ ಮರದ ಒಡೆತನ ದೊರೆತದ್ದು. ವಸಾಹತು ಅರಸನು ಹೋದರೂ ಬಾಣದ ಗುರುತು ಬೇಗ ಅಳಿಯುವುದಿಲ್ಲ.

ಕಾಯಕದಿಂದ ಬಂದುದು ಕಾಯಕಜೀವಿಯದು. ಅದರಲ್ಲಿ ಸಮಾಜಕ್ಕೆ ಸಲ್ಲಬೇಕಾದ ಪಾಲನ್ನು ಅವನು ದಾಸೋಹಭಾವದಿಂದ ತಾನಾಗಿ ಸಲ್ಲಿಸಬೇಕು. ಕೇಳಿ ಪಡೆಯುವ ಸರಕಾರಕ್ಕೆ ಜನರು ಕೊಡುತ್ತಾರೆ. ಮುದ್ರೆಯೊತ್ತಿ ಕಸಿಯುವ ಸರಕಾರಕ್ಕೆ ಜನರ ಮನಸ್ಸು ದೂರವಾಗುತ್ತದೆ. ಮನ್ರೋ ಇದನ್ನು ಅರಿತನು, ವೆಂಟ್‌ವರ್ತನು ಅರಿಯಲಿಲ್ಲ. ಅಧಿಕಾರದಲ್ಲಿರುವವರೂ ಆಸ್ತಿಯುಳ್ಳವರೂ ಸಮನಾಗಿ ನೆನಪಿಡಬೇಕಾದ ಪಾಠವಿದು.