ಹಿಂಗಾರಿಯ ಅಡುಗೆಮನೆ: ಹೊಳೆಆಲೂರು ಸೀಮೆಯ ಮನೆಯೂಟ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹೊಳೆಆಲೂರು ಮಲಪ್ರಭೆಯ ದಂಡೆಯ ಊರು. ಗದಗ–ಬಾಗಲಕೋಟೆ ರೈಲುಮಾರ್ಗದಲ್ಲಿ ಬರುವ ಈ ಊರಿನ ಸುತ್ತ ಹರಡಿರುವುದು ಎರೆಹೊಲ. ಹೊಳೆ ಪಕ್ಕದಲ್ಲೇ ಹರಿದರೂ ಈ ಸೀಮೆಯ ಊಟ ಅಕ್ಕಿಯದಲ್ಲ. ಜೋಳ, ಕಡಲೆ, ಶೇಂಗಾ, ಎಣ್ಣೆಕಾಳುಗಳದು. ಒಮ್ಮೆ ಬೆಳೆದದ್ದನ್ನು ವರ್ಷವಿಡೀ ಉಳಿಸಿಕೊಳ್ಳಬೇಕು, ಹೊಲಕ್ಕೆ ಗಂಟು ಕಟ್ಟಿಕೊಂಡು ಹೋಗುವಂತಿರಬೇಕು. ಇಲ್ಲಿನ ಅಡುಗೆಯ ಬಹುಪಾಲು ಜಾಣ್ಮೆ ಈ ಎರಡು ಅಗತ್ಯಗಳಿಂದಲೇ ಬಂದದ್ದು.

ಎರೆ, ಚಳಿ, ಜೋಳ

ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಎರೆಮಣ್ಣು ಆ ನೀರನ್ನು ಹೀರಿ ಬಹುಕಾಲ ಹಿಡಿದಿಡುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ ಆ ತೇವ ಮತ್ತು ಚಳಿಗಾಲದ ಇಬ್ಬನಿಯನ್ನೇ ನಂಬಿ ಬೆಳೆದು ಫೆಬ್ರವರಿ–ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ರೊಟ್ಟಿಗೆ ಎಲ್ಲರೂ ಬಯಸುವುದು ಮಾಲದಂಡಿ ಜೋಳವನ್ನು. ಕಾಳು ಮುತ್ತಿನಂತೆ ದುಂಡಗೆ ಬೆಳ್ಳಗಿರುತ್ತದೆ, ಹಿಟ್ಟಿಗೆ ಜಿಗಿ ಇರುತ್ತದೆ, ರೊಟ್ಟಿ ಸಿಹಿಯಾಗುತ್ತದೆ. ಅದರ ದಂಟು ಎತ್ತು, ಎಮ್ಮೆಗಳ ಮೇವು. ಮುಂಗಾರಿಯ ಸಂಕರಣ ಜೋಳ ಇಳುವರಿಯಲ್ಲಿ ಮುಂದಿದ್ದರೂ ರುಚಿಯಲ್ಲಿ ಇದಕ್ಕೆ ಸಮವಲ್ಲ.

ಹಿಂದೆ ಉತ್ತರ ಕರ್ನಾಟಕದ ಊರುಗಳಲ್ಲಿ ಜೋಳವನ್ನು ಹಗೇವುಗಳಲ್ಲಿ, ಅಂದರೆ ನೆಲದಾಳದ ಗುಂಡಿಗಳಲ್ಲಿ, ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಗಾಳಿಯಾಡದ್ದರಿಂದ ಹುಳ ಬೀಳುತ್ತಿರಲಿಲ್ಲ.

ರೊಟ್ಟಿ ಬಡಿಯುವ ಬಗೆ

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ತಣ್ಣೀರಲ್ಲಿ ಕಲಸಿದರೆ ಹಿಟ್ಟು ಬಿರಿಯುತ್ತದೆ, ಬಡಿಯುವಾಗ ಅಂಚು ಒಡೆಯುತ್ತದೆ. ಆದ್ದರಿಂದ ಎಸರು ಬೇಕು. ಹಿಟ್ಟಿನ ನಡುವೆ ಕುಳಿ ಮಾಡಿ, ಕುದಿಯುವ ನೀರು ಸುರಿದು, ಮೇಲೆ ಹಿಟ್ಟು ಮುಚ್ಚಿ ಸ್ವಲ್ಪ ಹೊತ್ತು ಬಿಡುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಅದೇ. ಆಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಹೊಸದಾಗಿ ಕಲಿಯುವವರು ಸೋಲುವುದು ಹೆಚ್ಚಾಗಿ ಇಲ್ಲೇ. ನಾದಿದ್ದು ಸಾಲದಿದ್ದರೆ ಎಷ್ಟು ಚೆನ್ನಾಗಿ ಬಡಿದರೂ ಫಲವಿಲ್ಲ.

ಹಿಟ್ಟು ಹೊಸದಿರಬೇಕು. ಬೀಸಿ ಬಹಳ ದಿನವಾದರೆ ಜಿಗಿ ಹೋಗಿ ಕಹಿ ಬರುತ್ತದೆ. ಅದಕ್ಕೇ ಕಾಳನ್ನು ಚೀಲಗಟ್ಟಲೆ ಇಟ್ಟರೂ ಗಿರಣಿಗೆ ಒಯ್ಯುವುದು ಬೇಕಾದಷ್ಟನ್ನೇ.

ಉಂಡೆಯ ಕೆಳಗೆ ಒಣಹಿಟ್ಟು ಹರಡಿ ಎರಡೂ ಕೈಯಿಂದ ಬಡಿಯುತ್ತಾ ಹೋದಂತೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ. ಕಾದ ಹಂಚಿಗೆ ಹಾಕುವಾಗ ಒಣಹಿಟ್ಟಿನ ಮೈ ಮೇಲೆ ಬರಬೇಕು. ಕೂಡಲೇ ನೀರಲ್ಲಿ ಅದ್ದಿದ ಅರಿವೆಯಿಂದ ಆ ಮೈಯನ್ನು ಸವರುತ್ತಾರೆ. ಹಿಟ್ಟು ಸುಟ್ಟು ಕಹಿಯಾಗದಂತೆ, ಮೈ ಬಿರಿಯದಂತೆ ಕಾಯುವುದು ಈ ನೀರು. ನೀರು ಆರುವ ಹೊತ್ತಿಗೆ ತಿರುವಿ ಹಾಕಿ ಅಂಚುಗಳನ್ನು ಅರಿವೆಯಿಂದ ಒತ್ತಿದರೆ ಒಳಗಿನ ಹಬೆಗೆ ರೊಟ್ಟಿ ಉಬ್ಬುತ್ತದೆ.

ಹೀಗೆ ಬಂದದ್ದು ಬಿಸಿರೊಟ್ಟಿ. ಇನ್ನೂ ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಮಗ್ಗುಲಲ್ಲಿ ಆನಿಸಿಟ್ಟು ತೇವವೆಲ್ಲ ಹೋಗುವಂತೆ ಒಣಗಿಸಿದರೆ ಅದು ಕಟಕ ರೊಟ್ಟಿ. ತೇವವಿಲ್ಲದ್ದಕ್ಕೆ ಬೂಸರು ಹಿಡಿಯುವುದಿಲ್ಲ, ವಾರಗಟ್ಟಲೆ ಇರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹೊಳೆದಂಡೆಯ ಊರುಗಳಿಗೆ ನುಗ್ಗಿದಾಗ ಒಲೆಗಳೇ ಮುಳುಗಿದ್ದವು. ನೆರೆಯ ಆ ದಿನಗಳಲ್ಲಿ ಉತ್ತರ ಕರ್ನಾಟಕದ ಉದ್ದಕ್ಕೂ ಬೇರೆ ಊರಿನವರು ಗಂಟು ಕಟ್ಟಿ ಕಳಿಸಿದ್ದು ಕಟಕ ರೊಟ್ಟಿ, ಚಟ್ನಿಪುಡಿಗಳನ್ನೇ. ಒಲೆ ಬೇಡದ, ಕೆಡದ ಊಟದ ಬೆಲೆ ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಕಡಲೆ: ಸೊಪ್ಪಿನಿಂದ ಹಿಟ್ಟಿನವರೆಗೆ

ಎರೆಹೊಲದ ಇನ್ನೊಂದು ಬೆಳೆ ಕಡಲೆ. ಹೂವಾಗುವ ಮೊದಲು ಗಿಡದ ಕುಡಿ ಚಿವುಟುತ್ತಾರೆ. ಗಿಡ ಕವಲೊಡೆಯುತ್ತದೆ, ಮನೆಗೆ ಪಲ್ಯವೂ ಆಗುತ್ತದೆ. ಕಡಲೆ ಎಲೆಗೆ ನಾಲಿಗೆ ತಾಗಿಸಿದರೆ ಹುಳಿ. ಎಲೆಯ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುವುದರಿಂದ ಈ ಹುಳಿ. ಅದಕ್ಕೇ ಕಡಲೆಸೊಪ್ಪಿನ ಪಲ್ಯಕ್ಕೆ ಹುಣಸೆ ಬೇಕಾಗುವುದಿಲ್ಲ. ಒಣಗಿಸಿಟ್ಟ ಸೊಪ್ಪು ಬೇಸಿಗೆಗೂ ಒದಗುತ್ತದೆ.

ಕಡಲೆಹಿಟ್ಟಿನ ಜುಣಕ ಅವಸರದ ಅಡುಗೆ. ಒಂದು ವಾಟಿ ಹಿಟ್ಟಿಗೆ ಎರಡರಿಂದ ಎರಡೂವರೆ ವಾಟಿ ನೀರು. ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಅರಿಶಿನ, ಉಪ್ಪು, ನೀರು ಹಾಕಿ ಕುದಿ ಬಂದ ಮೇಲೆ ಒಂದು ಕೈ ಹಿಟ್ಟು ಉದುರಿಸುತ್ತ ಇನ್ನೊಂದು ಕೈ ತಿರುವುತ್ತಲೇ ಇರಬೇಕು. ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಹಸಿವಾಸನೆ ಹೋಗುತ್ತದೆ. ಗಟ್ಟಿಯಾಗಿ ಬೇಯಿಸಿ ಎಣ್ಣೆ ಸವರಿದ ತಾಟಿಗೆ ತಟ್ಟಿ ಕೊಯ್ದರೆ ಜುಣಕದ ವಡಿ, ಬುತ್ತಿಗೆ ಹೇಳಿಮಾಡಿಸಿದ್ದು.

ಖಾರ, ಶೇಂಗಾ, ಕುಟ್ಟುವ ಕಲ್ಲು

ಇಲ್ಲಿ ಖಾರವೆಂದರೆ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರು ಹಾವೇರಿ ಜಿಲ್ಲೆಯದಾದರೂ ಗದಗ, ಧಾರವಾಡ ಜಿಲ್ಲೆಗಳ ಎರೆಹೊಲಗಳಲ್ಲೂ ಅದು ಬೆಳೆಯುತ್ತದೆ. ಬಣ್ಣ ಬಹಳ, ಉರಿ ಕಡಿಮೆ. ಚಳಿಗಾಲದಲ್ಲಿ ಕೆಂಪಾದ ಹಸಿ ಹಣ್ಣನ್ನು ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ಲಿಂಬೆರಸದೊಂದಿಗೆ ಕುಟ್ಟಿ ಭರಣಿಗೆ ತುಂಬಿದರೆ ಅದು ಕೆಂಪುಖಾರ. ಉಪ್ಪು, ಹುಳಿಗಳಿಂದ ತಿಂಗಳುಗಟ್ಟಲೆ ಕೆಡದು.

ಒಣಚಟ್ನಿಗಳು ಶೇಂಗಾ, ಗುರೆಳ್ಳು, ಅಗಸೆ, ಪುಟಾಣಿಯವು. ಕುಟ್ಟಿದ ಶೇಂಗಾ ಚಟ್ನಿಗೆ ಮಿಕ್ಸಿಯ ಪುಡಿ ಸಾಟಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಲ್ಲಿನ ಪೆಟ್ಟಿಗೆ ಶೇಂಗಾದ ಎಣ್ಣೆ ಹೊರಬಂದು ಖಾರ, ಬೆಳ್ಳುಳ್ಳಿಗಳ ಜೊತೆ ಕೂಡಿ ಚಟ್ನಿ ಮುದ್ದೆಗಟ್ಟುತ್ತದೆ. ಎಣ್ಣೆಗಾಯಿಯಲ್ಲೂ ಎಳೆ ಬದನೆಗೆ ತುಂಬುವುದು ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿಗಳ ಮಸಾಲೆಯನ್ನೇ, ಹುಣಸೆ–ಬೆಲ್ಲ ಸೇರಿಸಿ.

ಅದೇ ಕಲ್ಲಿನಲ್ಲಿ ಸೊಮ್ ತಮ್

ಖಾರ, ಹುಳಿ, ಸಿಹಿ, ಉಪ್ಪುಗಳನ್ನು ಒಂದೇ ತುತ್ತಿಗೆ ತರುವ ಇನ್ನೊಂದು ಅಡುಗೆ ಥಾಯ್ಲೆಂಡಿನದು. ಮೆಣಸಿನಕಾಯಿ ಎರಡೂ ಕಡೆಗೆ ಹೊರಗಿನದು, ಅಮೆರಿಕ ಖಂಡದ್ದು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು, 1511ರಲ್ಲಿ ಮಲಾಕ್ಕಾವನ್ನು ಹಿಡಿದರು. ಅದೇ ವರ್ಷ ಸಯಾಮಿನ ರಾಜಧಾನಿ ಅಯುಥಯಾಕ್ಕೆ ದೂತನನ್ನು ಕಳಿಸಿದರು. ಮೆಣಸಿನಕಾಯಿ ಹರಡಿದ್ದು ಅವರ ಹಡಗುಗಳ ವ್ಯಾಪಾರದಿಂದ. ಅದಕ್ಕೂ ಮೊದಲು ಎರಡೂ ನಾಡಿನ ಖಾರ ಕರಿಮೆಣಸಿನದು.

ಥಾಯ್ ಮನೆಗಳಲ್ಲೂ ಕುಟ್ಟುವ ಕಲ್ಲು ಅಡುಗೆಯ ಮೊದಲ ಸಾಧನ. ಎಳೆ ಪಪ್ಪಾಯಿಕಾಯಿಯ ಸೊಮ್ ತಮ್ ಮಾಡಲು ಹೊಳೆಆಲೂರಿನ ಅಡುಗೆಮನೆಯಲ್ಲಿ ಬಹುತೇಕ ಎಲ್ಲವೂ ಇದೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿ, ಹುರಿದ ಶೇಂಗಾ, ಬೆಲ್ಲ, ಹುಣಸೆರಸ, ಲಿಂಬೆರಸ ಸೇರಿಸಿ, ಎಳೆಎಳೆಯಾಗಿ ಹೆರೆದ ಪಪ್ಪಾಯಿಕಾಯಿ, ಸೀಳಿದ ಅಲಸಂದೆಕಾಯಿ, ಟೊಮೆಟೊ ಹಾಕಿ ಮೆಲ್ಲಗೆ ಕುಟ್ಟಬೇಕು. ಅಲ್ಲಿ ಉಪ್ಪಿನ ಕೆಲಸ ಮಾಡುವುದು ಮೀನಿನ ರಸ; ಸಸ್ಯಾಹಾರಿಗಳು ಬರೀ ಉಪ್ಪು ಹಾಕಿದರೂ ನಡೆಯುತ್ತದೆ. ಮೂಲದ ಗಾಢತೆ ಬರುವುದಿಲ್ಲ, ಆದರೆ ಬಿಸಿರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.

ಚರಗದ ಬುತ್ತಿ

ಎಳ್ಳಮಾವಾಸ್ಯೆಗೆ ಜೋಳ ತೆನೆ ಬಿಡುತ್ತಿರುತ್ತದೆ. ಮನೆಮಂದಿಯೆಲ್ಲ ಚಕ್ಕಡಿ, ಟ್ರ್ಯಾಕ್ಟರ್ ಏರಿ ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಪೂಜೆ ಮಾಡಿ, ತಂದ ಅಡುಗೆಯನ್ನು ಬೆಳೆಯ ಮೇಲೆ ಚರಗ ಚೆಲ್ಲುತ್ತಾರೆ. ಶೀಗಿ ಹುಣ್ಣಿಮೆಗೂ ಈ ಪದ್ಧತಿಯಿದೆ. ಎಳ್ಳಮಾವಾಸ್ಯೆಯ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಮಡಿಕೆಕಾಳು, ಮೊಸರನ್ನದ ಬಾನ ಎಲ್ಲ ಇರುತ್ತವೆ.

ಹೋಳಿಗೆಯ ದಿನ ಕಡಲೆಬೇಳೆ ಬಸಿದ ಕಟ್ಟು ಚೆಲ್ಲುವುದಿಲ್ಲ. ಅದಕ್ಕೆ ಒಂದಿಷ್ಟು ಹೂರಣ, ಹುಣಸೆ, ಹುರಿದು ಅರೆದ ಕೊಬ್ಬರಿ ಮಸಾಲೆ ಸೇರಿ ಕಟ್ಟಿನ ಸಾರಾಗುತ್ತದೆ. ಮಾದಲಿ ಇನ್ನೊಂದು ಬಗೆ: ಗೋಧಿ, ಕಡಲೆಬೇಳೆ ಬೀಸಿದ ಹಿಟ್ಟಿನ ಚಪಾತಿಗಳನ್ನು ಬೇಯಿಸಿ ಪುಡಿಮಾಡಿ, ಬೆಲ್ಲ, ಗಸಗಸೆ, ಏಲಕ್ಕಿ ಬೆರೆಸಿ ಹಾಲು–ತುಪ್ಪದ ಜೊತೆ ಉಣ್ಣುವುದು.

ಈಗಿನ ಒಲೆ

ಗ್ಯಾಸಿನ ಒಲೆ ಬಂದ ಮೇಲೆ ಕಟಕ ರೊಟ್ಟಿಯನ್ನು ಮಗ್ಗುಲಲ್ಲಿ ಆನಿಸಿಡುವ ಅನುಕೂಲ ಹೋಯಿತು. ಹಂಚನ್ನು ಸಣ್ಣ ಉರಿಯ ಮೇಲಿಟ್ಟು, ಮಡಚಿದ ಅರಿವೆಯಿಂದ ರೊಟ್ಟಿಯನ್ನು ಒತ್ತುತ್ತ ತಿರುವಿದರೆ ಅದೇ ಗರಿ ಬರುತ್ತದೆ. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ಈಗ ಹೆಂಗಸರು ರೊಟ್ಟಿ ಬಡಿದು ಮಾರುವುದು ಉತ್ತರ ಕರ್ನಾಟಕದ ಊರುಗಳಲ್ಲೆಲ್ಲ ಒಂದು ದುಡಿಮೆಯಾಗಿದೆ; ರೊಟ್ಟಿ ಮಾಡುವ ಯಂತ್ರಗಳೂ ಬಂದಿವೆ. ಕೊಳ್ಳುವಾಗ ರೊಟ್ಟಿಯನ್ನು ಮುರಿದು ನೋಡಿ: ಬಾಗದೆ ಟಕ್ಕನೆ ಮುರಿದರೆ ಚೆನ್ನಾಗಿ ಒಣಗಿದೆ ಎಂದರ್ಥ. ಒಣ ಡಬ್ಬಿಯಲ್ಲಿಡಿ. ಅಗಸೆ, ಶೇಂಗಾ ಚಟ್ನಿಗಳ ಎಣ್ಣೆ ಬೇಸಿಗೆಯಲ್ಲಿ ಬೇಗ ಕಮಟುತ್ತದೆ. ಆದ್ದರಿಂದ ಅವನ್ನು ಸ್ವಲ್ಪ ಸ್ವಲ್ಪವೇ ಕುಟ್ಟಿಕೊಳ್ಳುವುದು ಒಳ್ಳೆಯದು.