ಬಾಗಿಲಿನ ಸಂದು

ಮೋಟಾರು ಗಾಡಿಯ ಚರಿತ್ರೆ ಬರೆಯುವವರು ಎಂಜಿನ್ನಿನ ಕಥೆ ಹೇಳುತ್ತಾರೆ, ಟೈರಿನ ಕಥೆ ಹೇಳುತ್ತಾರೆ; ಬಾಗಿಲಿನ ಅಂಚಿಗೆ ಸುತ್ತಿದ ರಬ್ಬರು ಪಟ್ಟಿಯ ಸುದ್ದಿಯನ್ನೇ ಎತ್ತುವುದಿಲ್ಲ. ಗ್ಯಾರೇಜಿನವರು ಬೀಡಿಂಗ್ ಎನ್ನುವುದು ಇದನ್ನೇ. ಮುಂಬಯಿಯ ಮಳೆಗಾಲ ಕಂಡ ನಾವಾದರೂ ಇದನ್ನು ಅಲಕ್ಷಿಸುವಂತಿಲ್ಲ.

ಮೊದಲ ಕಾರುಗಳಿಗೆ ಇದರ ಅಗತ್ಯವೇ ಇರಲಿಲ್ಲ. ಅವು ಕುದುರೆ ಬಿಚ್ಚಿದ ಸಾರೋಟುಗಳು. ತಲೆಯ ಮೇಲೆ ಮಡಿಸುವ ಮುಚ್ಚಿಗೆ, ಪಕ್ಕದಲ್ಲಿ ಬರೀ ಗಾಳಿ. ಅಮೆರಿಕದಲ್ಲಿ 1919ರಲ್ಲಿ ಪೂರ್ತಿ ಮುಚ್ಚಿದ ಕಾರುಗಳು ಸುಮಾರು ಹತ್ತಕ್ಕೊಂದು. 1927ರ ಹೊತ್ತಿಗೆ ಲೆಕ್ಕ ತಲೆಕೆಳಗಾಗಿ, ನೂರಕ್ಕೆ 80ಕ್ಕೂ ಹೆಚ್ಚು ಮುಚ್ಚಿದವೇ ಆದವು. ಕಾರು ಕೋಣೆಯಾದ ಮೇಲೆ ಸಂದಿಯಿಂದ ನುಗ್ಗುವ ನೀರು, ಧೂಳು, ಸದ್ದು ಇವೆಲ್ಲ ದೂರಿನ ವಿಷಯಗಳಾದವು.

ರಬ್ಬರು ಅಷ್ಟರಲ್ಲಿ ಪಳಗಿದ ವಸ್ತುವಾಗಿತ್ತು. ಹಸಿ ರಬ್ಬರು ಬಿಸಿಲಿಗೆ ಅಂಟು, ಚಳಿಗೆ ಕಟ್ಟಿಗೆ. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಈ ಎರಡು ದೋಷವೂ ನೀಗುತ್ತದೆಂದು 1839ರಲ್ಲಿ ಕಂಡುಕೊಂಡವನು ಚಾರ್ಲ್ಸ್ ಗುಡ್‌ಇಯರ್. 1844ರಲ್ಲಿ ಪೇಟೆಂಟ್ ಪಡೆದರೂ 1860ರಲ್ಲಿ ಸಾಲಗಾರನಾಗಿಯೇ ತೀರಿಕೊಂಡ. (ಅವನ ಹೆಸರಿನ ಟೈರು ಕಂಪನಿ ಹುಟ್ಟಿದ್ದು 1898ರಲ್ಲಿ, ಹೆಸರಷ್ಟೇ ಅವನದು.)

ಹೀಗೆ ಪಳಗಿದ ರಬ್ಬರಿಗೂ ಒಬ್ಬ ವೈರಿಯುಂಟು: ಗಾಳಿಯಲ್ಲಿರುವ ಓಝೋನ್. ಎಳೆದು ಬಗ್ಗಿಸಿದ ರಬ್ಬರನ್ನೇ ಅದು ಹುಡುಕಿ ಸೀಳುತ್ತದೆ. ಹಳೆಯ ಬೀಡಿಂಗು ಬಾಗಿಲಿನ ಮೂಲೆಗಳಲ್ಲೇ ಮೊದಲು ಬಿರುಕು ಬಿಡುವುದು ಇದರಿಂದ. 1960ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನ ಅಣುಸರಪಳಿಯಲ್ಲಿ ಓಝೋನಿಗೆ ಹಿಡಿಯಲು ಸಿಕ್ಕುವ ಕೊಂಡಿಗಳಿಲ್ಲ. ಇಂದು ಕಾರಿನ ಬಾಗಿಲಿಗೆ ಹೆಚ್ಚಾಗಿ ಬಳಸುವುದು ಇದನ್ನೇ.

ನಮ್ಮ ಊರಿನ ಕಾರೆಂದರೆ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಫಿಯೆಟ್. 1974ರಿಂದ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಕಪ್ಪು-ಹಳದಿ ಪದ್ಮಿನಿ ರಸ್ತೆಯಲ್ಲಿಲ್ಲ. ಇನ್ನು ಉಳಿದಿರುವುದು ಮನೆಗಳಲ್ಲಿ ಅಕ್ಕರೆಯಿಂದ ಸಾಕಿಕೊಂಡವು. ಇಂಥ ಕಾರಿನ ಎಂಜಿನ್ನಿಗೆ ಊರೂರು ಅಲೆಯುವವರು ಬೀಡಿಂಗಿಗೆ ಮಾತ್ರ ಸಿಕ್ಕಿದ್ದನ್ನು ಅಂಟಿಸಿ ಸುಮ್ಮನಾಗುತ್ತಾರೆ. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು. ಕಾಲಡಿಯ ತಗಡು ತುಕ್ಕು ಹಿಡಿದು ಉದುರಿದರೆ ಕಾರು ಮುಗಿದಂತೆಯೇ.

ಬೀಡಿಂಗು ಕೊಳ್ಳುವಾಗ ಉದ್ದ ಅಳೆದರೆ ಸಾಲದು. ಹಳೆಯದರ ಒಂದು ತುಂಡು ಕತ್ತರಿಸಿ ಒಯ್ದು, ಅದರ ಅಡ್ಡಕೊಯ್ತದ ಆಕಾರವನ್ನೇ ಹೊಂದಿಸಬೇಕು: ತಗಡನ್ನು ಕಚ್ಚುವ ಭಾಗ ಎಷ್ಟು ಅಗಲ, ಒತ್ತಿಕೊಳ್ಳುವ ಪೊಳ್ಳು ಕೊಳವೆ ಎಷ್ಟು ದಪ್ಪ. ದಪ್ಪ ಹೆಚ್ಚಿದ್ದರೆ ಒಳ್ಳೆಯದೆಂಬುದು ಭ್ರಮೆ. ಆಗ ಬಾಗಿಲು ಕೂರುವುದಿಲ್ಲ. ಬಡಿದು ಬಡಿದು ಹಾಕಬೇಕಾಗುತ್ತದೆ, ಕೊನೆಗೆ ಕೀಲುಗಳೇ ಜೋಲುತ್ತವೆ. ಕೂರಿಸುವಾಗ ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದು, ರಬ್ಬರನ್ನು ಎಳೆಯದೆ ಸುತ್ತಬೇಕು. ಎಳೆದು ಅಂಟಿಸಿದ್ದು ಕೆಲ ದಿನಗಳಲ್ಲಿ ಕುಗ್ಗಿ, ಎರಡು ತುದಿ ಕೂಡುವಲ್ಲಿ ಬಾಯಿ ಬಿಡುತ್ತದೆ. ಆ ಕೂಡುವ ಜಾಗ ಯಾವಾಗಲೂ ಕೆಳಗಿರಲಿ. ಆಮೇಲೆ ಒಂದು ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆದು ನೋಡಬೇಕು. ಸುತ್ತಲೂ ಒಂದೇ ಬಿಗಿ ಇರಬೇಕು, ಸಲೀಸಾಗಿ ಜಾರುವ ಕಡೆ ನೀರಿಗೂ ದಾರಿಯುಂಟು.

ಇಷ್ಟಾದರೂ ಗಾಜಿನ ಪಕ್ಕದಿಂದ ಒಂದಿಷ್ಟು ನೀರು ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿದೇ ಇಳಿಯುತ್ತದೆ. ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಹೊಸ ಬೀಡಿಂಗಿನ ಉತ್ಸಾಹದಲ್ಲಿ ಅವುಗಳಿಗೂ ಅಂಟು ಬಳಿದು ಮುಚ್ಚುವ ಮೆಕ್ಯಾನಿಕರಿದ್ದಾರೆ. ಮಳೆಗಾಲಕ್ಕೆ ಮೊದಲು ಒಂದು ತಂತಿ ಹಾಕಿ ಆ ತೂತುಗಳನ್ನು ಬಿಡಿಸಿಕೊಳ್ಳಬೇಕು.