ಬರದ ಚಿತ್ರ ಯಾರ ಕೈ ಸೇರಿತು

1943ರ ಬಂಗಾಳದ ಬರವನ್ನು ಚಿತ್ರಗಳಲ್ಲಿ ದಾಖಲಿಸಿದ ಸುನಿಲ್ ಜಾನಾ ಅವರನ್ನು ಕರುಣೆಯ ಛಾಯಾಗ್ರಾಹಕ ಎಂದು ಹೊಗಳುವುದುಂಟು. ಕರುಣೆ ಇತ್ತು, ಸಂದೇಹವಿಲ್ಲ. ಆದರೆ ಆ ಚಿತ್ರಗಳಿಗೆ ಬಲ ಬಂದದ್ದು ಅವು ಎಲ್ಲಿ ಅಚ್ಚಾದವು, ಯಾರ ಕೈ ಸೇರಿದವು ಎಂಬುದರಿಂದ. ಹಳೇ ಮೈಸೂರಿನವರು ಧಾತು-ಈಶ್ವರ ಬರವೆಂದು ನೆನೆದ 1876–78ರ ಕ್ಷಾಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆಗ ಮದ್ರಾಸ್ ಸೈನ್ಯದ ಅಧಿಕಾರಿ ವಿಲೋಬಿ ಹೂಪರ್, ಎಲುಬಿನ ಗೂಡಾದವರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದ. ಕುಳಿತವರ ಹೆಸರಿಲ್ಲದೆ ಅವುಗಳಲ್ಲಿ ಹಲವು ಆಲ್ಬಮ್ ಸೇರಿದವು. ಪತ್ರಿಕೆಗಳಲ್ಲಿ ಛಾಯಾಚಿತ್ರವನ್ನು ನೇರವಾಗಿ ಅಚ್ಚುಹಾಕುವ ವಿಧಾನ ಆಗಿನ್ನೂ ಬಳಕೆಯಲ್ಲಿರಲಿಲ್ಲ, ಹಾಗಾಗಿ ಈ ಹೋಲಿಕೆ ಹೂಪರನಿಗೆ ಅನ್ಯಾಯ ಎನ್ನಬಹುದು. ಒಪ್ಪೋಣ. ಆದರೂ ಚಿತ್ರ ಯಾವ ದಾರಿ ಹಿಡಿಯಿತೆಂಬುದೇ ಮುಖ್ಯ ಎನ್ನುವ ಮಾತನ್ನು ಅದು ಗಟ್ಟಿಗೊಳಿಸುತ್ತದೆ.

1918ರಲ್ಲಿ ಅಸ್ಸಾಮಿನ ದಿಬ್ರುಗಢದಲ್ಲಿ ಹುಟ್ಟಿ ಕಲ್ಕತ್ತಾದಲ್ಲಿ ಬೆಳೆದ ಜಾನಾ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿ. ಕ್ಯಾಮೆರಾ ಅವರಿಗೆ ಹವ್ಯಾಸವಾಗಿತ್ತು. ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಪಿ.ಸಿ. ಜೋಶಿ, ಜಾನಾರನ್ನು ಓದು ಬಿಡಿಸಿ, ಕಲಾವಿದ ಚಿತ್ತಪ್ರಸಾದರ ಜೊತೆ ಬರದ ಹಳ್ಳಿಗಳಿಗೆ ಕರೆದೊಯ್ದರು. ಧಾತು-ಈಶ್ವರ ಬರದ ಪಾಠದಿಂದಲೇ ಹುಟ್ಟಿದ ಕ್ಷಾಮ ಸಂಹಿತೆಯ ಪ್ರಕಾರ ಬರ ಘೋಷಿಸಲು ಬಂಗಾಳ ಸರ್ಕಾರ ಮುಂದಾಗಲಿಲ್ಲ. ಘೋಷಿಸಿದ್ದರೆ ಪರಿಹಾರದ ಹೊಣೆ ಹೊರಬೇಕಿತ್ತು. ಅಧಿಕೃತ ವಿಚಾರಣಾ ಆಯೋಗವೇ ಸತ್ತವರು ಸುಮಾರು 15 ಲಕ್ಷ ಎಂದಿತು, ನಂತರದ ವಿದ್ವಾಂಸರು 30 ಲಕ್ಷದವರೆಗೂ ಹೇಳಿದ್ದಾರೆ. ಸರ್ಕಾರ ಹೆಸರಿಡಲೊಲ್ಲದ ಬರವನ್ನು ಜಾನಾರ ಚಿತ್ರಗಳು ಪಕ್ಷದ ಪತ್ರಿಕೆ ‘ಪೀಪಲ್ಸ್ ವಾರ್’ ಮೂಲಕ ದೇಶದ ಮುಂದಿಟ್ಟವು. ಪೋಸ್ಟ್‌ಕಾರ್ಡ್‌ಗಳಾಗಿ ಮಾರಾಟವಾಗಿ ಪರಿಹಾರಕ್ಕೆ ಹಣವನ್ನೂ ತಂದವು.

ಇದು ಪಕ್ಷದ ಪ್ರಚಾರವಷ್ಟೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಯುದ್ಧವನ್ನು ಬೆಂಬಲಿಸಿದ್ದ ಪಕ್ಷ ಆಗ ಸರ್ಕಾರಕ್ಕಿಂತ ಕಾಳದಂಧೆಯವರನ್ನೇ ಹೆಚ್ಚು ದೂರುತ್ತಿತ್ತು. ಸಾಯುತ್ತಿರುವವನ ಮುಂದೆ ನಿಂತು ಚಿತ್ರ ತೆಗೆಯುವುದು ಸರಿಯೇ ಎಂಬ ಪ್ರಶ್ನೆ ಇನ್ನೂ ಕಠಿಣ; ಅದು ಜಾನಾರನ್ನೇ ಕಾಡಿತ್ತು. ಒಬ್ಬನ ಕೈಯ ಗಂಜಿ ಒಬ್ಬನನ್ನು ಉಳಿಸೀತು, ಹಳ್ಳಿಗೆ ಹಳ್ಳಿಯೇ ಹಸಿದಾಗ ಬೇಕಾದದ್ದು ಧಾನ್ಯದ ಸಾಗಣೆ, ಅದಕ್ಕೆ ಸರ್ಕಾರದ ಮೇಲೆ ಒತ್ತಡ. ಚಿತ್ರ ಆ ಒತ್ತಡಕ್ಕೆ ನೆರವಾದಾಗ ಮಾತ್ರ ತೆಗೆದವನಿಗೆ ಸಮರ್ಥನೆ ಉಂಟು ಎಂಬುದು ನನ್ನ ನಿಲುವು. ಇನ್ನು ಪ್ರಚಾರದ ಮಾತು: ಜೋಶಿ 1948ರಲ್ಲಿ ನಾಯಕತ್ವ ಕಳೆದುಕೊಂಡ ಮೇಲೆ ಜಾನಾ ಕೂಡ ಪಕ್ಷದಿಂದ ದೂರವಾದರು. ಆ ಪತ್ರಿಕೆಯ ಅಂದಿನ ವಾದವನ್ನು ಒಪ್ಪದವರೂ ಇಂದು ಬಂಗಾಳದ ಬರಕ್ಕೆ ಬ್ರಿಟಿಷ್ ಆಡಳಿತವನ್ನು ಹೊಣೆ ಮಾಡುವಾಗ ಅವವೇ ಚಿತ್ರಗಳನ್ನು ಸಾಕ್ಷಿಯಾಗಿ ಮುಂದಿಡುತ್ತಾರೆ.